ಲೈವ್ ನಡೆದಾಗ ನಾನು ಒಳಗೆ ಹೋದದ್ದು

ಇದನ್ನು ಬರೆಯಲು ಕೂಡುವುದು, ಏಳುವುದು, ಮತ್ತೆ ಕೂಡುವುದು, ಹೀಗೆ ಬಹಳ ದಿನ ಕಳೆದೆ. ಮೊದಲು ಮೊಣಕಾಲು ನೋವಿನ ನೆಪ ಹೇಳಿಕೊಂಡೆ. ಆಮೇಲೆ ಬೇಸಿಗೆಯ ನೆಪ. ಬೀದರಿನ ಬಿಸಿಲಲ್ಲಿ ಯಾರಿಗೆ ಬರೆಯುವ ಮನಸ್ಸಾದೀತು ಎಂದುಕೊಂಡೆ. ಮಳೆ ಶುರುವಾಯಿತು, ಆಗ ಬೇರೆ ನೆಪ ಸಿಕ್ಕಿತು. ನಿಜ ಏನೆಂದರೆ, ಬರೆದ ಮೇಲೆ ಅದನ್ನು ಮೊದಲು ಓದುವವನು ನಾನೇ ಅಲ್ಲವೇ, ಅದರ ಅಂಜಿಕೆ. ನಾನು ಹತ್ತನೇ ತರಗತಿವರೆಗೆ ಓದಿದವನು. ದೊಡ್ಡ ಬರವಣಿಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಆಯುಷ್ಯದ ಬಹುಪಾಲು ಹೋದದ್ದು ಭಾಲ್ಕಿಯ ಒಂದು ಬಟ್ಟೆ ಅಂಗಡಿಯ ಗಾದಿಯ ಮೇಲೆ. ಬಿಳಿ ಹಾಸಿನ ಗಾದಿ, ಅದರ ಮೇಲೆ ನಾನು, ಎದುರಿಗೆ ಮದುವೆಯ ಬಸ್ತಾ ತೆಗೆಯಲು ಹಳ್ಳಿಗಳಿಂದ ಬಂದ ಮಂದಿ. ಬಸ್ತಾ ಎಂದರೆ ಮದುವೆಗೆ ಎರಡೂ ಕಡೆಯವರಿಗೆ ಬೇಕಾಗುವ ಸೀರೆ, ಧೋತರ, ಎಲ್ಲ ಬಟ್ಟೆ. ಸೀರೆಯ ಮಡಿಕೆಯನ್ನು ಒಂದು ಕೈಯಲ್ಲಿ ಹಿಡಿದು ಮಣಿಕಟ್ಟು ತಿರುಗಿಸಿ ಬೀಸಿದರೆ, ಅದು ಗಾದಿಯ ಮೇಲೆ ಜಾರಿಕೊಂಡು ಹೋಗಿ ಸೆರಗು ಸರಿಯಾಗಿ ಮದುಮಗಳ ತಾಯಿಯ ಮುಂದೆ ಬಿಚ್ಚಿಕೊಳ್ಳಬೇಕು. ಅದು ನನ್ನ ಕೈಗೆ ಬಂದಿತ್ತು. ಗಿರಾಕಿಗಳು ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಆಮೇಲೆ ಮಾಲೀಕರ ಮಗ ಅಂಗಡಿಗೆಲ್ಲ ಗಾಜು ಹಾಕಿಸಿ, ಗಾದಿ ತೆಗೆಸಿ, ಕೌಂಟರ್ ಇಡಿಸಿದರು. ದಿನವಿಡೀ ನಿಂತು ಮಾರುವುದು ನನ್ನ ಕಾಲಿಗೆ ಆಗಲಿಲ್ಲ. ನನ್ನ ಮಗ ಬೀದರಿನ ಚಿದ್ರಿಯಲ್ಲಿ ಮನೆ ಮಾಡಿದ್ದ. ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಬಂದೆವು.

ನಮ್ಮ ಮನೆಯ ಒಂದು ರೀತಿಯನ್ನು ಇಲ್ಲಿಯೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಾವ ಬಂದರೆ ಸೊಸೆ ಎದ್ದು ನಿಲ್ಲುತ್ತಾಳೆ. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ. ಅವನು ಅಲ್ಲಿಂದ ಹೋಗುವವರೆಗೆ ಕೂಡುವುದಿಲ್ಲ, ಅವನ ಎದುರು ದನಿ ಎತ್ತಿ ಮಾತಾಡುವುದಿಲ್ಲ, ಅವನ ಹೆಸರನ್ನಂತೂ ಬಾಯಲ್ಲಿ ತರುವುದೇ ಇಲ್ಲ. ನನ್ನ ಹೆಂಡತಿ ನನ್ನ ತಂದೆಯ ಮುಂದೆ ಹಾಗೇ ಇದ್ದಳು. ನನ್ನ ಸೊಸೆ ಔರಾದಿನವಳು, ಆ ಕಡೆಯೂ ಇದೇ ರೀತಿ. ನಾನು ಬಾಯಿಬಿಟ್ಟು ಎಂದೂ ಕೇಳಲಿಲ್ಲ. ಕೇಳಬೇಕಾದ ಪ್ರಸಂಗವೇ ಬರಲಿಲ್ಲ. ಕೈಗೆ ರೊಟ್ಟಿಯ ಹಿಟ್ಟು ಮೆತ್ತಿಕೊಂಡಿದ್ದರೂ ನಾನು ಬಾಗಿಲಿಗೆ ಬಂದರೆ ಎದ್ದು ನಿಲ್ಲುತ್ತಿದ್ದಳು. ನಾನು ಅದನ್ನು ನೋಡುತ್ತಲೂ ಇರಲಿಲ್ಲ, ಗಾಳಿ ಬೆಳಕಿನ ಹಾಗೆ.

ಒಂದು ದಿನ ಹೆಂಡತಿ ನನ್ನ ಹತ್ತಿರ ಬಂದು ಕೂತಳು.

"ನೋಡ್ರಿ, ಹುಡುಗಿ ಫೋನ್ಯಾಗ ಸೀರಿ ಮಾರ್ತಾಳಂತ. ಹೈದ್ರಾಬಾದಿಂದ ಮಾಲ್ ತರಸ್ತಾಳಂತ. ಮಗ ಹ್ಞೂಂ ಅಂದಾನ. ನೀವೇನಂತೀರಿ?"

"ಫೋನ್ಯಾಗ ಸೀರಿ ಹ್ಯಾಂಗ ಮಾರ್ತಾರ? ಮುಟ್ಟಿ ನೋಡ್ಲಾರದ ಯಾರ್ ತಗೋತಾರ?"

"ಈಗ ಎಲ್ಲಾರೂ ಹಂಗs ತಗೋತಾರಂತ. ಲೈವ್ ಅಂತಾರ. ಆಕಿಗಿ ಒಂದ್ ಆಸೆ ಅದ ರೀ. ನಾಕ ಮಂದಿ ಗಿರಾಕಿ ಆದ್ರ ಮುಂದಿನ ಖೋಲಿ ತಗದು ಅಂಗಡಿ ಮಾಡ್ಬೇಕು, ತನ್ನ ಹೆಸರಿನ ಬೋರ್ಡ್ ಹಾಕ್ಬೇಕು ಅಂತಾಳ. ನಿಮಗ ಕೇಳಂದಾಳ."

"ಮಾಡ್ಲಿ ಬಿಡು," ಎಂದೆ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎರಡು ದಿನ ಮಾಡಿ ಬಿಡುತ್ತಾಳೆ ಎಂದುಕೊಂಡಿದ್ದೆ.

ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಮುಂದಿನ ಖೋಲಿಯಲ್ಲಿ ಜಮಖಾನೆ ಹಾಸಿ, ಎದುರಿಗೆ ಗಿಡ್ಡ ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ, ಸೀರೆಗಳನ್ನು ಪಕ್ಕದಲ್ಲಿ ಒಟ್ಟಿಕೊಂಡು ಕೂಡುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು.

"ಅಕ್ಕಾರೆ, ನನ್ನ ದನಿ ಕೇಳ್ಲತ್ತದೇನ್ರಿ? ಕೇಳಿದ್ರ ಒಂದ್ ಹಾಯ್ ಹಾಕ್ರಿ."

ಮೊದಲ ದಿನ ಹಾಯ್ ಹಾಕಿದವಳು ಔರಾದಿನಲ್ಲಿದ್ದ ಅವಳ ತಂಗಿ ಒಬ್ಬಳೇ. ತಾಯಿಗೆ ಅದೂ ಬರುತ್ತಿರಲಿಲ್ಲ. ಅವರು ನೇರ ಫೋನ್ ಮಾಡಿಬಿಟ್ಟರು.

"ಏ ಬಾಯಿ, ನಿನ್ನ ಮಾರಿ ಕಾಣವಲ್ದು, ಬರೇ ಗೋಡಿ ಕಾಣ್ಲತ್ತದ!"

"ಅವ್ವಾ, ನೀ ಫೋನ್ ಮಾಡಬ್ಯಾಡ! ನೀ ಫೋನ್ ಮಾಡಿದ್ರ ಲೈವ್ ಕಟ್ ಆಗ್ತದ!"

"ಮತ್ತ ಮಾರಿ ಕಾಣವಲ್ದಂತ ಹ್ಯಾಂಗ ಹೇಳ್ಬೇಕು ನಾ?"

ಕಟ್ಟೆಯ ಮೇಲೆ ಕೂತು ನಾನೂ ನಕ್ಕೆ. ಇಂಥ ಎಡವಟ್ಟುಗಳು ಬಹಳ ಆದವು. ಒಮ್ಮೆ ಫ್ಯಾನಿನ ಗಾಳಿಗೆ ಸೀರೆ ಹಾರಿ ಅವಳ ಮುಖಕ್ಕೇ ಮುಚ್ಚಿಕೊಂಡಿತು. ಒಮ್ಮೆ ಹಿಂದೆ ಹಗ್ಗದ ಮೇಲೆ ಒಣಗಿಸಿದ್ದ ನನ್ನ ಬನಿಯನ್ ನೋಡಿ ಯಾರೋ ಅದರ ಬೆಲೆ ಕೇಳಿದ್ದರಂತೆ. ಒಮ್ಮೆ ಕುಕ್ಕರ್ ಕೂಗಿ, ಅವಳು ಹೇಳಿದ್ದು ಯಾರಿಗೂ ಕೇಳಲಿಲ್ಲ. ಆದರೆ ಅವಳು ಒಂದು ತಪ್ಪನ್ನು ಎರಡನೇ ಸಲ ಮಾಡುವವಳಲ್ಲ. ಫೋನಿಗೆ ಕರೆ ಬರದ ಹಾಗೆ ಮಾಡಲು ಗಂಡನಿಂದ ಕಲಿತಳು. ಲೈವ್‌ಗೆ ಮೊದಲು ಫ್ಯಾನ್ ಬಂದ್, ಹಗ್ಗ ಖಾಲಿ, ಕುಕ್ಕರ್ ಕೆಳಗೆ. ಕ್ಯಾಮೆರಾದ ಕಣ್ಣನ್ನು ಹಳೆಯ ಮೆತ್ತನೆಯ ಸೀರೆಯ ಚೂರಿನಿಂದ ಒರೆಸುವಳು. ಹೆಗಲ ಮೇಲಿನ ಸೆರಗಿಗೆ ಒಳಗಿನಿಂದ ಪಿನ್ ಹಾಕಿಕೊಳ್ಳುವಳು. ಮೊದಲು ಯಾರೂ ನೋಡದ ಹಾಗೆ ಒಮ್ಮೆ ತನ್ನಷ್ಟಕ್ಕೆ ತಾನೇ ರೆಕಾರ್ಡ್ ಮಾಡಿ, ನೋಡಿಕೊಂಡು, ಆಮೇಲೆ ಲೈವ್ ಬರುವಳು. ಹಾಯ್ ಹಾಕುವವರು ಹೆಚ್ಚಾದರು. ಜನವಾಡದಿಂದ, ಹುಮನಾಬಾದಿನಿಂದ, ಗಡಿ ದಾಟಿ ಉದಗೀರದಿಂದಲೂ ಹೆಣ್ಣುಮಕ್ಕಳು ಬರತೊಡಗಿದರು. ಸೀರೆ ಹೋಗತೊಡಗಿದವು.

ನಾನು ಮೊದಲ ಸಲ ಒಳಗೆ ಹೋದದ್ದು ನಿಜವಾಗಿಯೂ ಗೊತ್ತಿಲ್ಲದೆ. ಕಾಯಿಪಲ್ಯೆಯ ಚೀಲ ಹಿಡಿದು ಬಂದವನು ಬಾಗಿಲು ತಳ್ಳಿದೆ. ಅವಳು ಮಾತಿನ ನಡುವೆಯೇ ತಟ್ಟನೆ ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಫೋನ್ ಇದ್ದದ್ದು ಕೂತವರ ಎತ್ತರಕ್ಕೆ. ನೋಡುವವರಿಗೆ ಕಂಡದ್ದು ಅವಳ ಸೀರೆಯ ನಿರಿಗೆ ಮಾತ್ರ. ದನಿಯೂ ಇಲ್ಲ. ನಾನು ಚೀಲ ಹಿಡಿದು ನಿಧಾನವಾಗಿ ಅಡುಗೆಮನೆಗೆ ಹೋಗಿ, ಚೀಲ ಇಟ್ಟು, ನೀರು ಕುಡಿದು, ಹೊರಗೆ ಬಂದೆ. ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು. ಆಮೇಲೆ ಕೂತು, "ನೆಟ್ ಹೋಗಿತ್ತು ಅಕ್ಕಾರೆ" ಎಂದದ್ದು ಕಿಟಕಿಯಿಂದ ಕೇಳಿಸಿತು.

ಅದು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಅದಕ್ಕೆ ಕಾರಣ ನಾನು.

ಚಿದ್ರಿಯ ರಸ್ತೆಯ ಚಹಾದ ಹೋಟೆಲಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಒಂದು ಕಾಲಕ್ಕೆ ಭಾಲ್ಕಿಯ ನಮ್ಮ ಅಂಗಡಿಗೆ ಬಂದುಹೋಗುತ್ತಿದ್ದ, ಹೆಂಗಸರ ಜಂಪರ್-ರವಿಕೆ ಹೊಲಿಯುತ್ತಿದ್ದ ಟೇಲರ್, ಈಗ ಅವನ ಮಕ್ಕಳು ಅಂಗಡಿ ನೋಡಿಕೊಳ್ಳುತ್ತಾರೆ. ನಾನು ಗಾದಿ ಬಿಟ್ಟು ಬಹಳ ಕಾಲವಾಗಿದ್ದರೂ ಅವನು ನನ್ನನ್ನು ಕರೆಯುವುದು ಸಾವ್ಕಾರ್ ಎಂದೇ. ಅವನು ಒಂದು ದಿನ ತನ್ನ ಫೋನನ್ನು ನನ್ನ ಮುಂದೆ ಹಿಡಿದ.

"ಕ್ಯಾ ಸಾವ್ಕಾರ್, ಬಹೂ ತೋ ಕಮಾಲ್ ಕರ್‌ರೈ! ನಮ್ಮ ಮನ್ಯಾಗ ಹೆಂಗಸ್ರು ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ನಿಮ್ಮ ಸೊಸೀನ ನೋಡ್ತಾರ."

ನೋಡಿದೆ. ಸೊಸೆಯ ಮುಖವನ್ನು ನಾನು ಅಷ್ಟು ಹೊತ್ತು, ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು. ನಗುತ್ತಿದ್ದಳು, ಯಾರನ್ನೋ ಗದರಿಸುತ್ತಿದ್ದಳು, ಇನ್ನೊಬ್ಬರಿಗೆ "ನಿಮ್ಮ ಬಣ್ಣಕ್ಕ ಇದು ಒಪ್ಪತದ ನೋಡ್ರಿ ಅಕ್ಕಾರೆ" ಎನ್ನುತ್ತಿದ್ದಳು. ಹಾಗೆ ಹೇಳುತ್ತಲೇ ಒಂದು ಹಸಿರು ಸೀರೆಯ ಮಡಿಕೆಯನ್ನು ಎತ್ತಿ, ಮಣಿಕಟ್ಟು ತಿರುಗಿಸಿ ಬೀಸಿದಳು. ಸೆರಗು ಸರಿಯಾಗಿ ಕ್ಯಾಮೆರಾದ ಮುಂದೆ ಬಿಚ್ಚಿಕೊಂಡಿತು.

"ನೋಡಿದ್ರೇನು?" ಎಂದ ಗೆಳೆಯ. "ಭಾಲ್ಕಿದಾಗ ನೀವು ಹಿಂಗs ಬೀಸ್ತಿದ್ರಿ. ಬುರಾ ಮತ್ ಮಾನೋ, ಸಿಟ್ಟಾಗಬ್ಯಾಡ್ರಿ, ಇಕೀ ಕೈ ನಿಮಗಿಂತ ಸಾಫ್ ಅದ."

ಹೋಟೆಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಹೆಂಡತಿಯ ಸೀರೆ ಮಡಚುವಾಗ ಹಳೆಯ ಚಟಕ್ಕೆ ನಾನು ಹಾಗೆ ಬೀಸುವುದಿತ್ತು. ಸೊಸೆ ಅದನ್ನು ಬಾಗಿಲ ಮರೆಯಿಂದ ನೋಡಿ ಕಲಿತಿರಬೇಕು. ಇನ್ನೊಬ್ಬನಾಗಿದ್ದರೆ ನನ್ನ ವಿದ್ಯೆ ಮನೆಯಲ್ಲೇ ಉಳಿಯಿತು ಎಂದು ಎದೆಯುಬ್ಬಿಸುತ್ತಿದ್ದ. ನಾನು ಅರ್ಧ ಚಹಾ ಬಿಟ್ಟು ಎದ್ದೆ. ಗಾದಿ ತೆಗೆಸಿದ ದಿನ ಅಂಗಡಿಯ ಮೂಲೆಯಲ್ಲಿ ನಿಂತು ನೋಡಿದಾಗ ಆದ ಸಂಕಟವೇ ಮತ್ತೆ ಆಯಿತು. ಮನೆಗೆ ಬರುವ ದಾರಿಯಲ್ಲಿ ಆ ಸಂಕಟಕ್ಕೆ ಒಂದು ಒಳ್ಳೆಯ ಹೆಸರು ಹುಡುಕಿಕೊಂಡೆ. ಮನೆಯ ಹೆಣ್ಣುಮಗಳ ಮುಖ ಚಹಾದ ಹೋಟೆಲಿನಲ್ಲಿ ಕೂತವರೆಲ್ಲ ನೋಡುತ್ತಾರೆ, ಇದು ಮರ್ಯಾದೆಯ ಮಾತು ಎಂದುಕೊಂಡೆ. ಹಾಗೆಂದು ಮಗನಿಗೆ ಹೇಳಬಹುದಿತ್ತು, ಹೆಂಡತಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವರು ಕಾರಣ ಕೇಳುತ್ತಿದ್ದರು. ಬಾಯಿಬಿಡದೆಯೇ ಕೆಲಸ ಕೆಡಿಸುವ ದಾರಿ ನನಗೆ ಆಗಲೇ ಗೊತ್ತಾಗಿತ್ತು.

ಮಾರನೇ ದಿನ ಲೈವ್ ನಡೆದಾಗ ಬಾಗಿಲು ತಳ್ಳಿ ಒಳಗೆ ಹೋದೆ. "ನನ್ನ ಚಾಳೀಸು ಎಲ್ಲಿ?" ಎನ್ನುತ್ತಾ ಕಪಾಟಿನ ಮೇಲೆ, ಟಿವಿಯ ಹಿಂದೆ ಹುಡುಕಿದೆ. ಕನ್ನಡಕ ನನ್ನ ಅಂಗಿಯ ಕಿಸೆಯಲ್ಲಿತ್ತು. ಅವಳು ನಿಂತಳು. ನಿಂತೇ ಇದ್ದಳು. ಇನ್ನೊಂದು ದಿನ ಗುಳಿಗೆ, ಮತ್ತೊಂದು ದಿನ ಪೇಪರು. ನಾನು ಒಳಗಿದ್ದಷ್ಟು ಹೊತ್ತು ಅವಳು ಕೂಡುವುದಿಲ್ಲ, ಮಾತಾಡುವುದಿಲ್ಲ ಎಂದು ಗೊತ್ತಿದ್ದೇ ನಿಧಾನ ಮಾಡುತ್ತಿದ್ದೆ. ನೋಡುವವರು ಅವಳಿಗೊಂದು ಹೆಸರಿಟ್ಟರು: ಎದ್ದು ನಿಲ್ಲುವ ಅಕ್ಕ. ಹಾಯ್ ಹಾಕುವ ಬದಲು, "ಅಕ್ಕ ಇವತ್ತು ಯಾವಾಗ ಏಳ್ತಾಳ?" ಎಂದು ಬರೆದು ನಗುವ ಗೊಂಬೆಗಳನ್ನು ಹಾಕುತ್ತಿದ್ದರಂತೆ. ಸೀರೆ ಕೊಳ್ಳುವವರು ಕಡಿಮೆಯಾಗಿ, ನಗಲು ಬರುವವರು ಹೆಚ್ಚಾದರು.

ಅವಳಿಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಹೆಚ್ಚು ಕಷ್ಟವಾಗುವುದು ಇದೇ. ಬೇರೆ ತಪ್ಪುಗಳನ್ನು ಹೇಗೆ ತಿದ್ದಿಕೊಂಡಳೋ, ಹಾಗೇ ಇದನ್ನೂ ತಿದ್ದಲು ನೋಡಿದಳು. ಮೊದಲು ಬಾಗಿಲ ಕೊಂಡಿಗೆ ಕೆಂಪು ಟವೆಲ್ ಕಟ್ಟಿದಳು, ಲೈವ್ ಇದೆ ಎಂಬ ಗುರುತಿಗೆ. ನಾನು ಅದನ್ನು ಸರಿಸಿ ಒಳಗೆ ಹೋದೆ. ಆಮೇಲೆ ಅವಳು ಕಟ್ಟೆಯ ಮೇಲೆ, ನನ್ನ ಪಕ್ಕದಲ್ಲಿ, ಒಂದು ಕುರ್ಚಿ ಇಡತೊಡಗಿದಳು. ಕುರ್ಚಿಯ ಮೇಲೆ ನೀರು ತುಂಬಿದ ತಂಬಿಗೆ, ಕನ್ನಡಕದ ಡಬ್ಬಿ, ಗುಳಿಗೆ, ಪೇಪರು, ಬೀಸಣಿಗೆ. ಮುಚ್ಚಿದ ತಟ್ಟೆಯಲ್ಲಿ ಒಗ್ಗರಣೆ ಹಾಕಿದ ಚುರುಮುರಿ. ವಯಸ್ಸಾದವರು, ಬಿಸಿಲಲ್ಲಿ ಮತ್ತೆ ಮತ್ತೆ ಎದ್ದು ಬರಬೇಕಾಗುತ್ತದೆ ಎಂದು, ನಾನು ಯಾವುದಕ್ಕೆಲ್ಲ ಒಳಗೆ ಬಂದಿದ್ದೆನೋ ಅದನ್ನೆಲ್ಲ ನೆನಪಿಟ್ಟು ಹೊರಗೆ ತಂದಿಟ್ಟಿದ್ದಳು.

ಆ ಕುರ್ಚಿಯನ್ನು ನೋಡಿ ಕೆಲವು ದಿನ ಸುಮ್ಮನಿದ್ದೆ. ಚುರುಮುರಿ ತಿಂದೆ. ಒಳಗೆ ಅವಳ ದನಿ ಮತ್ತೆ ಮೊದಲಿನ ಹಾಗೆ ಎತ್ತರಕ್ಕೆ ಹೋಯಿತು. ನಾಗರ ಪಂಚಮಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಸೀರೆ ಬೇಕೇ ಬೇಕು. ಅವಳು ಹೊಸ ಮಾಲು ತರಿಸಿದ್ದಳು. ಸೀರೆ ತೆಗೆದು ಕೊಡಲು ಔರಾದಿನಿಂದ ತಂಗಿಯನ್ನು ಕರೆಸಿಕೊಂಡಿದ್ದಳು. ಈ ಒಂದು ಲೈವ್ ಚೆನ್ನಾಗಿ ನಡೆದರೆ ಹಬ್ಬದ ಮೇಲೆ ಖೋಲಿಗೆ ಶಟರ್ ಕೂಡಿಸೋಣ ಎಂದು ಮಗ ಹೇಳಿದ್ದ. ಬೋರ್ಡಿಗೆ ಯಾವ ಬಣ್ಣ ಎಂದು ಗಂಡ ಹೆಂಡತಿ ಮಾತಾಡುವುದನ್ನು ನಾನೇ ಕೇಳಿಸಿಕೊಂಡಿದ್ದೆ.

ಆ ಮಧ್ಯಾಹ್ನ ಬಹಳ ಮಂದಿ ನೋಡುತ್ತಿದ್ದರು. ತಂಗಿ ಎತ್ತರದ ದನಿಯಲ್ಲಿ ಹೇಳುತ್ತಿದ್ದಳು, "ಅಕ್ಕಾ, ನೋಡs, ಎಷ್ಟ್ ಮಂದಿ ಬಂದಾರ! ಭಾಲ್ಕಿಯವ್ರು ಎರಡು ಸೀರಿ ಕೇಳ್ಲತ್ತಾರ!"

ಭಾಲ್ಕಿಯವರು. ನನ್ನ ಗಾದಿಯ ಮುಂದೆ ಕೂತವರ ಮಕ್ಕಳೋ ಸೊಸೆಯರೋ ಇರಬೇಕು. ನಾನು ತಂಬಿಗೆ ಎತ್ತಿದೆ. ನೀರಡಿಕೆ ಇರಲಿಲ್ಲ. ಪೂರ್ತಿ ಕುಡಿದೆ. ನೀರು ಮುಗಿದಿದೆ ಎಂದು ಹೇಳಲು ತಂಬಿಗೆ ಖಾಲಿ ಇರಬೇಕಲ್ಲ, ಅದಕ್ಕೆ. ಕೊನೆಯ ಗುಟುಕುಗಳು ಹೊಟ್ಟೆಯಲ್ಲಿ ಜಾಗವಿಲ್ಲದೆ ಗಂಟಲಿಗೆ ಬಂದವು. ಖಾಲಿ ತಂಬಿಗೆ ಹಿಡಿದು ಬಾಗಿಲು ತಳ್ಳಿದೆ.

"ನೀರ್ ಇಲ್ಲೇನು?"

ಅವಳ ಹೆಗಲ ಮೇಲೆ ತೋರಿಸಲೆಂದು ಹೊದ್ದ ಸೀರೆಯಿತ್ತು, ಅದರ ಇನ್ನೊಂದು ತುದಿ ಅವಳ ಮೊಣಕಾಲ ಕೆಳಗೆ. ನನ್ನನ್ನು ನೋಡಿದ ಕೂಡಲೇ ಏಳಲು ಹೋದಳು. ಕಾಲು ಸೀರೆಯ ಮೇಲೆ ಬಿತ್ತು, ಸೀರೆ ಅವಳನ್ನು ಮುಂದಕ್ಕೆ ಎಳೆಯಿತು. ಸ್ಟ್ಯಾಂಡಿನ ಮೇಲೆಯೇ ಬಿದ್ದಳು. ಹೆಗಲ ಪಿನ್ ಕಿತ್ತು ಸೆರಗು ಜಾರಿತು. ಕೈಯ ಬಳೆ ಒಡೆದವು. ಫೋನ್ ಉರುಳಿ, ಮುಖ ಮೇಲೆ ಮಾಡಿ ಬಿದ್ದಿತ್ತು.

"ಅಕ್ಕಾ, ಫೋನ್! ಫೋನ್ ಬಂದ್ ಮಾಡು!" ಎಂದು ತಂಗಿ ಚೀರಿದಳು.

ಅವಳು ಫೋನ್ ಕಡೆ ಕೈ ಚಾಚಲಿಲ್ಲ. ಬಿದ್ದಲ್ಲಿಂದಲೇ ಎರಡೂ ಕೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು, ನಾನು ಅಲ್ಲಿ ನಿಂತಿದ್ದೆನಲ್ಲ, ಅದಕ್ಕೆ. ಅವಳು ಹಾಗೆ ಮಾಡುವುದು ಫೋನಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಆ ತುಣುಕನ್ನು ಯಾರೋ ಇಳಿಸಿಕೊಂಡು ಹಂಚಿದರು. ಬೀದರ್, ಭಾಲ್ಕಿ, ಔರಾದ್, ಎಲ್ಲ ಕಡೆ ಹೋಯಿತು. ಚಿದ್ರಿಯ ಹುಡುಗರು ರಸ್ತೆಯಲ್ಲಿ ಒಬ್ಬರಿಗೊಬ್ಬರು "ನೀರ್ ಇಲ್ಲೇನು?" ಎಂದು ನಗುತ್ತಿದ್ದರು. ನನ್ನನ್ನು ಯಾರೂ ಬೈಯಲಿಲ್ಲ. ಪಾಪ, ಮುದುಕ ನೀರಡಿಸಿ ಬಂದಿದ್ದ, ಆ ಹುಡುಗಿಗೆ ಲೈವ್ ಹುಚ್ಚಿನಲ್ಲಿ ಮಾವನಿಗೆ ನೀರು ಕೊಡಲು ಪುರುಸೊತ್ತಿಲ್ಲ ಎಂದರು. ನಾನು ಅದನ್ನು ಕೇಳಿಯೂ ಸುಮ್ಮನಿದ್ದೆ.

ಅವಳ ತಂದೆ, ನಮ್ಮ ಬೀಗರು, ಔರಾದಿನಿಂದ ಬಸ್ಸಿಗೆ ಬಂದರು. ಒಳಗೆ ಬಂದವರು ಮಗಳನ್ನು ಮಾತಾಡಿಸಲಿಲ್ಲ. ನೇರ ನನ್ನ ಮುಂದೆ ಬಂದು, ತಲೆಯ ಟೊಪ್ಪಿಗೆ ತೆಗೆದು ಕೈ ಮುಗಿದರು.

"ಬೀಗರೆ, ಹುಡುಗಿಗಿ ತಿಳೀಲಿಲ್ರಿ. ಆಕಿ ಸಲುವಾಗಿ ನಿಮ್ಮ ಮನಿ ಮಾತು ನಾಕ ಮಂದಿ ಬಾಯಾಗ ಬಂತು. ಹೊಟ್ಟ್ಯಾಗ ಹಾಕೊಳ್ರಿ."

"ಇರ್ಲಿ ಬಿಡ್ರಿ," ಎಂದೆ ನಾನು. "ಸಣ್ಣಾಕಿ. ಮುಂದ ತಿಳಕೋತಾಳ."

ಕ್ಷಮಿಸಿದವನ ಹಾಗೆ ಹೇಳಿದೆ. ಅವಳು ಒಳಬಾಗಿಲಲ್ಲಿ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ನಿಂತು ಕೇಳುತ್ತಿದ್ದಳು. ಬೀಗರು ನನ್ನ ಕಾಲನ್ನು ಕಣ್ಣಲ್ಲೇ ತೋರಿಸಿದರು. ಅವಳು ಬಂದು ನನ್ನ ಕಾಲಿಗೆ ಹಣೆ ಹಚ್ಚಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಲೈವ್ ನಿಂತಿತು. ಶಟರಿನ ಮಾತು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಮಾರನೇ ದಿನ ಹೆಂಡತಿ ಉಳಿದ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ತಲೆ ಎತ್ತದೆ ಹೇಳಿದಳು, "ಅವತ್ತ ತಂಬಗಿ ತುಂಬಿಟ್ಟಾಕಿ ನಾನs."

ಗಂಟು ಬಿಗಿದು ಮತ್ತೆ ಹೇಳಿದಳು.

"ನೀವು ಗಟಗಟ ಕುಡ್ಯಾದು ಕಿಡಕ್ಯಾಗಿಂದ ನೋಡೀನಿ. ನಾಕ ದಿನ ನೀರ್ ಕಾಣ್ಲಾರದ ಎತ್ತು ಕುಡದಂಗ ಕುಡದ್ರಿ. ಕುಡದು ಒಳಗ ಬಂದು ನೀರ್ ಇಲ್ಲೇನು ಅಂದ್ರಿ. ಚಾಳೀಸನೂ ಕಿಸೇದಾಗ ಇಟಗೊಂಡೇ ಹುಡಕ್ತಿದ್ರಿ. ಯಾರ ಮುಂದನೂ ಹೇಳಿಲ್ಲ ನಾ."

"ತಪ್ಪಾತು," ಎಂದೆ.

"ನನ್ನ ಮುಂದ ಹೇಳಿದ್ರ ಆಕಿಗಿ ಮುಟ್ತದೇನು?"

ಹೇಳಬೇಕೆಂದು ಹೋದೆ. ಹೋಗಿಲ್ಲ ಎಂದಲ್ಲ. ಕೈ ವಾಸಿಯಾದ ಮೇಲೆ ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅವಳು ಎದ್ದು ನಿಂತಳು. ಹಿಟ್ಟಿನ ಕೈಯಿಂದಲೇ ಸೆರಗು ಎಳೆದುಕೊಂಡಳು.

"ಏನ್ ಬೇಕಾಗಿತ್ರಿ ಮಾವಾ?"

"ಕೂಡವ್ವಾ, ಕೂಡು."

ಕೂಡಲಿಲ್ಲ. ಗೋಡೆಯ ಕಡೆ ನೋಡುತ್ತಾ ನಿಂತಳು. ಅವಳು ಕೂತರೆ ಹೇಳೋಣ ಎಂದು ನಾನು, ನಾನು ಹೋದರೆ ಕೂಡೋಣ ಎಂದು ಅವಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆ ಏಳತೊಡಗಿತು. ಅದನ್ನು ತೆಗೆಯಲೂ ಅವಳು ಬಾಗಲಿಲ್ಲ. ಮಾವ ಸೊಸೆಗೆ ತಪ್ಪಾಯಿತು ಎನ್ನುವುದನ್ನು ನಾನು ಯಾರ ಮನೆಯಲ್ಲೂ ನೋಡಿರಲಿಲ್ಲ. ಹೇಗೆ ಶುರು ಮಾಡಬೇಕೆಂದೇ ತಿಳಿಯಲಿಲ್ಲ.

"ಏನಿಲ್ಲ, ಒಂದ್ ಕಪ್ ಚಹಾ," ಎಂದು ಬಂದುಬಿಟ್ಟೆ.

ಆಮೇಲೆ ಅವಳು ಶನಿವಾರಕ್ಕೊಮ್ಮೆ ಗಂಟು ಹೊತ್ತು ಬಸ್ಸಿಗೆ ಔರಾದಿಗೆ ಹೋಗತೊಡಗಿದಳು. ತವರಿನ ಮನೆಯಲ್ಲಿ, ತಂಗಿಯ ಜೊತೆ ಕೂತು, ಬೇರೆ ಹೆಸರಿನಲ್ಲಿ ಮತ್ತೆ ಮೊದಲಿನಿಂದ ಲೈವ್ ಶುರು ಮಾಡಿದ್ದಳು. ಹಳೆಯ ಗಿರಾಕಿಗಳು ಯಾರೂ ಇಲ್ಲ, ಮತ್ತೆ ಹಾಯ್ ಹಾಕಿರೆಂದು ಕೇಳಿಕೊಳ್ಳುವುದರಿಂದಲೇ ಆರಂಭ. ಮಗನೇ ಹಾಗೆ ಮಾಡಲು ಹೇಳಿದ್ದನಂತೆ. ಅಲ್ಲಿ ಎದ್ದು ನಿಲ್ಲಬೇಕಾದವರು ಯಾರೂ ಇರಲಿಲ್ಲ.

ಭಾಲ್ಕಿಯ ಒಂದು ಮದುವೆಯಲ್ಲಿ ಬೀಗರು ಸಿಕ್ಕರು. ಅವರನ್ನು ಪೆಂಡಾಲಿನ ಹಿಂದೆ, ನೀರಿನ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋಗಿ, ತಂಬಿಗೆಯ ನೀರನ್ನು ಬೇಕೆಂದೇ ಕುಡಿದು ಮುಗಿಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ನೀವು ಅವತ್ತು ಟೊಪ್ಪಿಗೆ ತೆಗೆಯಬಾರದಿತ್ತು ಎಂದೆ. ಅವರು ತಲೆಯ ಟೊಪ್ಪಿಗೆಯನ್ನು ಸರಿಮಾಡಿಕೊಂಡರು. ನನಗೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಡ್ರಿ ಬೀಗರೆ, ಪಂಗ್ತಿ ಕೂತಾದ," ಎಂದರು. ಪಕ್ಕದಲ್ಲೇ ಕೂಡಿಸಿಕೊಂಡು ಊಟ ಮಾಡಿದರು. ಕೈ ತೊಳೆಯುವಾಗ ಇಷ್ಟು ಹೇಳಿದರು: "ಈಗ ಛಲೋ ಮಾಡ್ಲತ್ತಾಳ್ರಿ. ಒಮ್ಮಿ ನೋಡ್ರಿ ನೀವು. ಆಕಿಗಿ ಖುಷಿ ಆಗ್ತದ."

ಆ ಮಾತು ಹಿಡಿದುಕೊಂಡು ಬಂದೆ. ಮಗನಿಗೂ ಎಲ್ಲ ಹೇಳಿದೆ. ಅವನು ಮೊದಲು ನನ್ನ ಮುಖ ನೋಡಲಿಲ್ಲ. ಆಮೇಲೆ, "ಫೋನ್ ಕೊಡ್ರಿ ಅಪ್ಪಾ" ಎಂದು ತೆಗೆದುಕೊಂಡು, ನನ್ನ ಹೆಸರು ಹಾಕಿ, ಅವಳ ಲೈವ್ ನೋಡುವ ಹಾಗೆ ಮಾಡಿಕೊಟ್ಟ. ಕೆಳಗೆ ಬರೆಯುವುದು ಹೇಗೆಂದು ತೋರಿಸಿದ. ನಾನು ಯೋಚಿಸಿದ್ದು ಇಷ್ಟು: ಅವಳು ಔರಾದಿನಲ್ಲಿ, ನಾನು ಚಿದ್ರಿಯಲ್ಲಿ. ಎದುರಿಗೆ ನಿಂತು ಹೇಳಲಾಗದ್ದನ್ನು ಬರೆಯಬಹುದು. ಅವಳನ್ನು ನೋಡಿ ನಕ್ಕದ್ದು ಎಲ್ಲರ ಮುಂದೆ, ನನ್ನ ತಪ್ಪನ್ನೂ ಎಲ್ಲರ ಮುಂದೆ ಬರೆಯಬೇಕು. ಅವಳು ಕೂತೇ ಓದಬಹುದು.

ಶನಿವಾರ ಕಟ್ಟೆಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಮಗ ತೋರಿಸಿದಲ್ಲಿ ಒತ್ತಿದೆ. ಅವಳು ಕಂಡಳು. ಗುಲಾಬಿ ಬಣ್ಣದ ಸೀರೆಯೊಂದು ಅವಳ ಮಡಿಲಲ್ಲಿ ಅರ್ಧ ಬಿಚ್ಚಿತ್ತು. ನಗುತ್ತಾ ಮಾತಾಡುತ್ತಿದ್ದಳು. ಹೊಸದಾಗಿ ಯಾರು ಬಂದರೂ ಅವರ ಹೆಸರು ಫೋನಿನಲ್ಲಿ ಮೂಡುತ್ತದೆಂದು, ಅವಳು ಅದನ್ನು ಓದಿ ಬರಮಾಡಿಕೊಳ್ಳುತ್ತಾಳೆಂದು ನನಗೆ ಗೊತ್ತಿರಲಿಲ್ಲ.

"ಬರ್ರಿ ಬರ್ರಿ, ಉದಗೀರದ ಅಕ್ಕಾರು ಬಂದಾರ. ಮತ್ತ ಯಾರ್ ಬಂದ್ರು ನೋಡಮು..."

ಓದಲು ಬಾಯಿ ತೆರೆದವಳು ನಿಲ್ಲಿಸಿದಳು. ನನ್ನ ಹೆಸರನ್ನು ಅವಳು ಬಾಯಲ್ಲಿ ತರುವ ಹಾಗಿಲ್ಲ. ಕಣ್ಣು ದೊಡ್ಡವಾದವು. ಗುಲಾಬಿ ಸೀರೆ ಮಡಿಲಿನಿಂದ ಜಾರಿತು. ನಾನು ಮೊದಲ ಅಕ್ಷರ ಒತ್ತುವ ಮೊದಲೇ ಅವಳು ಎದ್ದು ನಿಂತಿದ್ದಳು. ಫೋನಿನಲ್ಲಿ ನಿರಿಗೆ ಮಾತ್ರ ಕಾಣುತ್ತಿತ್ತು.

"ಯಾಕs ಅಕ್ಕಾ? ಯಾರ್ ಬಂದ್ರು?" ತಂಗಿಯ ದನಿ.

"ಮಾವಾರು ಬಂದಾರ."

"ಎಲ್ಲಿ? ಬಾಗಲದಾಗ ಯಾರೂ ಇಲ್ಲ!"

ಕೆಳಗೆ ನಗುವ ಗೊಂಬೆಗಳು ಒಂದರ ಹಿಂದೆ ಒಂದು ಏರತೊಡಗಿದವು. "ಅರೆ, ಇಕಿ ಅದೇ ಎದ್ದು ನಿಲ್ಲುವ ಅಕ್ಕ!" ಎಂದು ಯಾರೋ ಬರೆದರು. ಬೇರೆ ಹೆಸರಿನಲ್ಲಿ ಅಡಗಿಸಿಟ್ಟುಕೊಂಡಿದ್ದನ್ನು ನಾನು ಬಂದು ಎಲ್ಲರಿಗೂ ತೋರಿಸಿದ್ದೆ. ಹೊರಗೆ ಹೋಗಬೇಕೆಂದು ಅಲ್ಲಿ ಒತ್ತಿದೆ, ಇಲ್ಲಿ ಒತ್ತಿದೆ. ಒಳಗೆ ಬರುವುದನ್ನು ಮಗ ಕಲಿಸಿದ್ದ, ಹೊರಗೆ ಹೋಗುವುದನ್ನು ಕೇಳಿಕೊಂಡಿರಲಿಲ್ಲ. ನನ್ನ ಬೆರಳು ತಾಗಿ ಒಂದು ಕೆಂಪು ಹೃದಯದ ಗೊಂಬೆ ಬೇರೆ ಹೋಯಿತು. ನಾನು ಅಲ್ಲಿರುವಷ್ಟು ಹೊತ್ತೂ ಅವಳು ನಿಂತೇ ಇದ್ದಳು. ಕೊನೆಗೆ ಫೋನನ್ನೇ ಬಂದ್ ಮಾಡಿದೆ.

ಮಾರನೇ ದಿನ ಸಂಜೆ ಅವಳು ಬಸ್ಸಿಳಿದು ಬಂದಳು. ಗಂಟು ಹಾಗೇ ದಪ್ಪವಾಗಿತ್ತು.

"ಯಾಕವ್ವಾ, ಸೀರಿ ಹೋಗ್ಲಿಲ್ಲೇನು?" ಎಂದಳು ನನ್ನ ಹೆಂಡತಿ.

"ನೆಟ್ ಸರಿ ಇರ್ಲಿಲ್ರಿ ಅತ್ತಿ," ಎಂದಳು. ಕಟ್ಟೆಯ ಮೇಲೆ ನಾನು ಕೂತಿದ್ದೆ. ನನ್ನ ಕಡೆ ನೋಡದೆ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅತ್ತೆಯ ಕೈಯಲ್ಲಿ ನನಗೆ ಚಹಾ ಕಳಿಸಿದಳು.

ಅವಳು ಈಗಲೂ ಔರಾದಿಗೆ ಹೋಗುತ್ತಾಳೆ. ನಾನು ಆ ಹೊತ್ತಿನಲ್ಲಿ ಫೋನ್ ಮುಟ್ಟುವುದಿಲ್ಲ. ಗಿರಾಕಿಗಳು ಉಳಿದರೋ ಇಲ್ಲವೋ ಎಂದು ಕೇಳಲು ನನಗೆ ಬಾಯಿಲ್ಲ. ಮುಂದಿನ ಖೋಲಿ ಹಾಗೇ ಇದೆ, ಅಲ್ಲಿ ನನ್ನ ಮಂಚ ಹಾಕಿದ್ದಾರೆ. ತಪ್ಪಾಯಿತು ಎಂದು ಹೆಂಡತಿಗೆ ಹೇಳಿದ್ದೇನೆ, ಮಗನಿಗೆ ಹೇಳಿದ್ದೇನೆ, ಭಾಲ್ಕಿಯಲ್ಲಿ ಬೀಗರಿಗೆ ಹೇಳಿದ್ದೇನೆ, ಇದನ್ನು ಓದುತ್ತಿರುವ, ಮುಖ ಪರಿಚಯವೂ ಇಲ್ಲದ ನಿಮಗೂ ಹೇಳಿದೆ. ಹೇಳದೆ ಉಳಿದಿರುವುದು ಒಬ್ಬಳಿಗೆ: ಔರಾದಿನ ಬೀಗರ ಹಿರಿಯ ಮಗಳು, ನನ್ನ ಮಗನ ಹೆಂಡತಿ, ನನ್ನ ಸೊಸೆ.